ಮೇದಕ್ ಚರ್ಚ್ ಕಟ್ಟಿದ ಚಾರ್ಲ್ಸ್ ಪಾಸ್ನೆಟ್: ಬರಗಾಲದ ಕೂಲಿಯಿಂದ ಮನೆಮನೆಯ ಕ್ರಿಸ್‌ಮಸ್‌ವರೆಗೆ

ಡಿಸೆಂಬರ್ 24ರ ಸಂಜೆಯಾದರೆ ಸಾಕು, ನಾರಾಯಣಖೇಡ, ಜಹೀರಾಬಾದ್ ಕಡೆಯ ರಸ್ತೆಗಳಲ್ಲಿ ಜೀಪು, ಆಟೊ, ಬಸ್ಸುಗಳು ಮೇದಕ್ ದಾರಿ ಹಿಡಿಯುತ್ತವೆ. ಒಳಗೆ ಅಜ್ಜಿಯಿಂದ ಹಿಡಿದು ಕೈಗೂಸಿನವರೆಗೆ ಇಡೀ ಮನೆ ಕೂತಿರುತ್ತದೆ. ಕಾಲ ಬಳಿ ಬುತ್ತಿ ಗಂಟು, ಮಡಿಲಲ್ಲಿ ಕಂಬಳಿ, ಚೀಲದಲ್ಲಿ ಮಕ್ಕಳ ಹೊಸ ಬಟ್ಟೆ. ಬೆಳಗಿನ ಜಾವ, ಇನ್ನೂ ಕತ್ತಲಿರುವಾಗಲೇ ಮೇದಕ್ ಚರ್ಚಿನಲ್ಲಿ ಕ್ರಿಸ್‌ಮಸ್ ಹಬ್ಬದ ಮೊದಲ ಪ್ರಾರ್ಥನೆ ಶುರುವಾಗುತ್ತದೆ. ಅಷ್ಟರೊಳಗೆ ತಲುಪಬೇಕು ಎಂಬುದೇ ಎಲ್ಲರ ಅವಸರ.

ಪ್ರಾರ್ಥನೆ ಮುಗಿದ ಮೇಲೆ ಚರ್ಚಿನ ಸುತ್ತಲ ಬಯಲಿನಲ್ಲಿ ಮರದ ನೆರಳು ಹಿಡಿದು ಒಲೆ ಹೂಡುತ್ತಾರೆ. ಅಲ್ಲೇ ಅಡುಗೆ, ಅಲ್ಲೇ ಊಟ. ಬೇರೆ ಊರಿನ ನೆಂಟರು ಸಿಗುವುದು ಅಲ್ಲೇ, ಮದುವೆ ಮಾತು ಎತ್ತುವುದೂ ಅಲ್ಲೇ. ಚರ್ಚಿಗೆ ಬರುವವರಲ್ಲಿ ಕ್ರೈಸ್ತರಲ್ಲದವರೂ ಬಹಳ ಮಂದಿ. ಮೇಣದ ಬತ್ತಿ ಹಚ್ಚಿ, ಕೈ ಮುಗಿದು, ಮಕ್ಕಳಿಗೆ ಆಟಿಕೆ ಕೊಡಿಸಿ ಊರಿಗೆ ಮರಳುತ್ತಾರೆ. ಏಡುಪಾಯಲ ಜಾತ್ರೆಗೆ ಹೋಗಿ ಬಂದ ಹಾಗೆಯೇ.

ಈ ಚರ್ಚನ್ನು ಕಟ್ಟಿಸಿದವರು ಇಂಗ್ಲೆಂಡಿನಿಂದ ಬಂದ ಒಬ್ಬ ಪಾದ್ರಿ. ಹೆಸರು ಚಾರ್ಲ್ಸ್ ವಾಕರ್ ಪಾಸ್ನೆಟ್. ಅವರು ತೀರಿಕೊಂಡು ಮುಕ್ಕಾಲು ಶತಮಾನವಾಗಿದೆ. ಅವರನ್ನು ಕಣ್ಣಾರೆ ಕಂಡವರು ಈಗ ಸಿಗುವುದು ಕಷ್ಟ. ಆದರೆ ಅವರು ಗೊತ್ತುಮಾಡಿದ ದಿನವನ್ನು ಈ ಸೀಮೆಯ ಮನೆಗಳು ಇಂದಿಗೂ ತಪ್ಪಿಸುವುದಿಲ್ಲ.

ಇಂಗ್ಲೆಂಡಿನಿಂದ ತಿರುಮಲಗಿರಿಗೆ

ಪಾಸ್ನೆಟ್ ಹುಟ್ಟಿದ್ದು 1870ರಲ್ಲಿ. ಅವರು ಸೇರಿದ್ದು ವೆಸ್ಲಿಯನ್ ಮೆಥಡಿಸ್ಟ್ ಸಭೆಗೆ. 18ನೇ ಶತಮಾನದಲ್ಲಿ ಇಂಗ್ಲೆಂಡಿನ ಜಾನ್ ವೆಸ್ಲಿ ಮತ್ತು ಅವರ ತಮ್ಮ ಚಾರ್ಲ್ಸ್ ವೆಸ್ಲಿ ಶುರುಮಾಡಿದ ಪಂಥ ಅದು. ಗಣಿ ಕೆಲಸಗಾರರು, ನೇಕಾರರು, ಕೂಲಿಕಾರರ ನಡುವೆ ಬೆಳೆದದ್ದು. ದೊಡ್ಡ ಗುಡಿಗಿಂತ ಮನೆಯ ಪ್ರಾರ್ಥನೆಗೆ, ಹಾಡಿಗೆ, ಓದು ಬರಹ ಕಲಿಸುವುದಕ್ಕೆ ಅಲ್ಲಿ ಹೆಚ್ಚು ಬೆಲೆ. ಕ್ರಿಸ್‌ಮಸ್‌ನಲ್ಲಿ ಜಗತ್ತಿನ ತುಂಬ ಹಾಡುವ ಹಾಡುಗಳಲ್ಲಿ ಚಾರ್ಲ್ಸ್ ವೆಸ್ಲಿ ಬರೆದದ್ದೂ ಇದೆ.

ಪಾಸ್ನೆಟ್ ಬಾಲಕರಾಗಿದ್ದ ಕಾಲಕ್ಕೆ ಇಂಗ್ಲೆಂಡಿನಲ್ಲಿ ಕ್ರಿಸ್‌ಮಸ್ ಮನೆಯ ಹಬ್ಬವಾಗಿ ಗಟ್ಟಿಯಾಗಿತ್ತು. ಅದಕ್ಕೆ ಮೂವತ್ತು ವರ್ಷ ಮೊದಲು, 1840ರ ದಶಕದಲ್ಲಿ, ರಾಣಿ ವಿಕ್ಟೋರಿಯಾಳ ಗಂಡ ಆಲ್ಬರ್ಟ್ ಜರ್ಮನಿಯ ಪದ್ಧತಿಯಂತೆ ಅರಮನೆಯಲ್ಲಿ ಮರ ಸಿಂಗರಿಸಿದ್ದನ್ನು ನೋಡಿ ಊರ ಮಂದಿಯೂ ಹಾಗೆಯೇ ಮಾಡತೊಡಗಿದ್ದರು. 1843ರಲ್ಲಿ ಚಾರ್ಲ್ಸ್ ಡಿಕನ್ಸ್ ಬರೆದ ಕ್ರಿಸ್‌ಮಸ್ ಕಥೆ ಮನೆಮನೆಯಲ್ಲಿ ಓದಿಸಿಕೊಂಡಿತ್ತು. ದುಡಿಯಲು ಪಟ್ಟಣಕ್ಕೆ ಹೋದವರು ಆ ಒಂದು ದಿನ ಮನೆಗೆ ಬರಬೇಕು, ಎಲ್ಲರೂ ಕೂಡಿ ಉಣ್ಣಬೇಕು, ಬಡವರಿಗೂ ಒಂದು ಪಾಲು ಹೋಗಬೇಕು ಎಂಬ ವಾಡಿಕೆ ಬೆಳೆದದ್ದು ಆ ಕಾಲದಲ್ಲೇ.

ಪಾಸ್ನೆಟ್ ಸಿಕಂದರಾಬಾದಿಗೆ ಬಂದದ್ದು 1895ರಲ್ಲಿ. ಆಗ ಅವರಿಗೆ 25 ವರ್ಷ. ಹೈದರಾಬಾದ್ ಸಂಸ್ಥಾನವನ್ನು ಆರನೇ ನಿಜಾಮ ಮೀರ್ ಮಹಬೂಬ್ ಅಲಿ ಖಾನ್ ಆಳುತ್ತಿದ್ದರು. ವೆಸ್ಲಿಯನ್ ಮಿಷನ್ ಅಲ್ಲಿ ಕಾಲಿಟ್ಟು ಹದಿನೈದು ವರ್ಷವಾಗಿತ್ತಷ್ಟೇ. ಹೊಸ ಪಾದ್ರಿಗೆ ಸಿಕ್ಕ ಕೆಲಸ ತಿರುಮಲಗಿರಿ ದಂಡಿನಲ್ಲಿದ್ದ ಬ್ರಿಟಿಷ್ ಸೈನಿಕರ ನಡುವೆ. ಭಾನುವಾರದ ಆರಾಧನೆ, ಆಸ್ಪತ್ರೆ ಭೇಟಿ, ಸತ್ತವರ ಅಂತ್ಯಕ್ರಿಯೆ. ಸುಖದ ಕೆಲಸವೇ. ಆದರೆ ಅವರಿಗೆ ಅದು ಹಿಡಿಸಲಿಲ್ಲ. ದಂಡಿನ ಗೋಡೆಯಾಚೆ ಹಳ್ಳಿಗಳಿದ್ದವು. ಅಲ್ಲಿಗೆ ಹೋಗಬೇಕೆಂದು ಹಟ ಹಿಡಿದರು.

ಎರಡು ದಿನದ ಕುದುರೆ ದಾರಿ

ಹೈದರಾಬಾದಿನಿಂದ ಮೇದಕ್‌ಗೆ ಸುಮಾರು 100 ಕಿಲೋಮೀಟರು. ಇಂದು ಬಸ್ಸಿನಲ್ಲಿ ಎರಡು ಮೂರು ತಾಸು. ಅಂದು ಕುದುರೆಯ ಮೇಲೆ ಎರಡು ದಿನ. ವಾಡಿಯಿಂದ ತಾಂಡೂರು, ವಿಕಾರಾಬಾದ್ ಮೇಲೆ ಸಿಕಂದರಾಬಾದಿಗೆ ಹೋಗುವ ರೈಲು 1874ರಲ್ಲೇ ಓಡತೊಡಗಿತ್ತು. ಆದ್ದರಿಂದ ಬಶೀರಾಬಾದ್ ಕಡೆಯ ಜನ ರೈಲು ಕಂಡಿದ್ದರು. ಮೇದಕ್ ಪಟ್ಟಣಕ್ಕೆ ಮಾತ್ರ ರೈಲು ಬಂದದ್ದು 2022ರಲ್ಲಿ.

1896ರ ಹೊತ್ತಿಗೆ ಪಾಸ್ನೆಟ್ ಮೇದಕ್ ಸೇರಿದರು. ಮೊದಲು ಉಳಿದದ್ದು ಡಾಕ್ ಬಂಗಲೆಯಲ್ಲಿ. ಆಗ ಇಡೀ ಮೇದಕ್ ಸೀಮೆಯಲ್ಲಿ ಕ್ರೈಸ್ತರು ಎಂದರೆ ಇನ್ನೂರು ಮಂದಿ ಸಿಕ್ಕರೆ ಹೆಚ್ಚು ಎಂಬಂತಿತ್ತು. ಕೋರ್ಟು ಕಚೇರಿಯ ಭಾಷೆ ಉರ್ದು, ಹಳ್ಳಿಯವರ ಭಾಷೆ ತೆಲುಗು. ಬೀದರ್ ಕಡೆ ಹೊರಳಿದರೆ ಕನ್ನಡ, ಮರಾಠಿ. ಪಾಸ್ನೆಟ್ ತೆಲುಗು ಕಲಿತು ಹಳ್ಳಿ ಹಳ್ಳಿ ತಿರುಗತೊಡಗಿದರು.

ಅವರ ಮಾತಿಗೆ ಕಿವಿಗೊಟ್ಟವರು ಹೆಚ್ಚಾಗಿ ಊರ ಹೊರಗಿನ ಕೇರಿಯವರು. ಮಾಲ, ಮಾದಿಗ ಮನೆಗಳವರು. ಗೌಡ, ಪಟೇಲ, ದೇಶಮುಖರ ಮನೆಗೆ ಬಿಟ್ಟಿ ಚಾಕರಿ ಮಾಡುತ್ತಿದ್ದ ಜನ. ಊರಲ್ಲಿ ಹಬ್ಬ ಇದ್ದರೆ ಇವರಿಗೆ ಎರಡು ಪಟ್ಟು ದುಡಿಮೆ. ಹಲಗೆ ಬಾರಿಸಬೇಕು, ಸೌದೆ ಒಡೆಯಬೇಕು, ಸುದ್ದಿ ಮುಟ್ಟಿಸಲು ಊರೂರು ಓಡಬೇಕು. ಗುಡಿಯ ಮೆಟ್ಟಿಲು ಹತ್ತುವಂತಿರಲಿಲ್ಲ. ದೂರ ನಿಂತು ನೀಡಿದ್ದನ್ನು ಸೆರಗಿನಲ್ಲಿ ಹಿಡಿದು ಮನೆಗೆ ಬರಬೇಕಿತ್ತು. ಕೇರಿಯವರಿಗೂ ತಮ್ಮ ದೇವರು, ತಮ್ಮ ಅಮ್ಮನ ಪೂಜೆ ಇದ್ದವು. ಆದರೆ ಇಡೀ ಮನೆಯೇ ಕೆಲಸ ಬಿಟ್ಟು, ಸ್ನಾನ ಮಾಡಿ, ಹೊಸ ಬಟ್ಟೆ ತೊಟ್ಟು, ಎಲ್ಲರ ಎದುರು ಮುಂಬಾಗಿಲಿನಿಂದ ಒಳಗೆ ಹೋಗುವ ದೊಡ್ಡ ಹಬ್ಬ ಎಂಬುದು ಅವರ ಪಾಲಿಗೆ ಅಪರೂಪವಾಗಿತ್ತು.

ಇದನ್ನು ನೆನಪಿಟ್ಟುಕೊಂಡರೆ, ಮುಂದೆ ಕ್ರಿಸ್‌ಮಸ್ ದಿನಕ್ಕೆ ಅಷ್ಟು ಬೆಲೆ ಏಕೆ ಬಂತು ಎಂಬುದು ತಿಳಿಯುತ್ತದೆ.

ಮನೆಯ ಹೆಣ್ಣುಮಕ್ಕಳ ಪಾಲು

ಪಾಸ್ನೆಟ್ ಒಬ್ಬರೇ ಎಲ್ಲವನ್ನೂ ಮಾಡಿದರು ಎಂದರೆ ತಪ್ಪಾಗುತ್ತದೆ. ಅವರ ಸಹೋದರಿ ಎಮಿಲಿ ಪಾಸ್ನೆಟ್ ಮತ್ತು ಎಮಿಲಿಯ ಗೆಳತಿ ಸಾರಾ ಹ್ಯಾರಿಸ್ ಮೇದಕ್‌ನಲ್ಲಿ ಬಂದು ನೆಲೆಸಿದರು. ಕೇರಿಯ ಹೆಂಗಸರಿಗೆ, ಮಕ್ಕಳಿಗೆ ಔಷಧ ಕೊಡುವುದು, ಓದು ಕಲಿಸುವುದು ಇವರಿಬ್ಬರ ಕೆಲಸ. ಗಂಡಸು ಹೊರಗಿನಿಂದ ಬಂದು ಹೇಳಿದ ಮಾತು ಜಗಲಿಯವರೆಗೆ ಮಾತ್ರ ಹೋಗುತ್ತದೆ. ಒಲೆಯ ಬಳಿಗೆ ಹೋಗಬೇಕಾದರೆ ಹೆಣ್ಣುಮಕ್ಕಳೇ ಬೇಕು.

ಪಾಸ್ನೆಟ್‌ಗೆ ಇದು ಬೇಗ ಅರ್ಥವಾಯಿತು. ಹಳ್ಳಿಗಳಿಗೆ ಕಳಿಸಲು ಅವರು ಊರಿನವರನ್ನೇ ಉಪದೇಶಿಗಳನ್ನಾಗಿ ತರಬೇತು ಮಾಡತೊಡಗಿದರು. ಗಂಡನಿಗೆ ಕಲಿಸಿದರೆ ಸಾಲದು, ಹೆಂಡತಿಗೂ ಕಲಿಸಬೇಕು ಎಂದು ಗಂಡ ಹೆಂಡತಿ ಇಬ್ಬರನ್ನೂ ಮೇದಕ್‌ಗೆ ಕರೆಸುತ್ತಿದ್ದರು. ಎಮಿಲಿ ಮತ್ತು ಸಾರಾ ಹೆಂಗಸರ ಪಾಠ ನೋಡಿಕೊಳ್ಳುತ್ತಿದ್ದರು. ಹೀಗೆ ಕಲಿತ ದಂಪತಿ ಒಂದು ಹಳ್ಳಿಗೆ ಹೋಗಿ ನೆಲೆಸಿದರೆ, ಅವರ ಮನೆಯೇ ಶಾಲೆ, ಅವರ ಮನೆಯೇ ಪ್ರಾರ್ಥನೆಯ ಜಾಗ. ಡಿಸೆಂಬರ್‌ನಲ್ಲಿ ಹಬ್ಬ ನಡೆಯುತ್ತಿದ್ದದ್ದೂ ಅದೇ ಅಂಗಳದಲ್ಲಿ.

ಈ ಸೀಮೆಯ ಕ್ರಿಸ್‌ಮಸ್‌ಗೆ ಮನೆಯ ವಾಸನೆ ಬಂದದ್ದು ಹೀಗೆ. ಸುಣ್ಣ ಬಳಿಯುವುದು, ಅಂಗಳ ಸಾರಿಸಿ ರಂಗೋಲಿ ಹಾಕುವುದು, ಬಾಗಿಲಿಗೆ ತೋರಣ ಕಟ್ಟುವುದು, ಕರ್ಜಿಕಾಯಿ ಚಕ್ಕುಲಿ ಕರಿಯುವುದು, ನೆರೆಮನೆಗೆ ತಟ್ಟೆ ಕಳಿಸುವುದು. ಇವೆಲ್ಲ ಇಲ್ಲಿನ ಹೆಂಗಸರಿಗೆ ಮೊದಲಿನಿಂದ ಗೊತ್ತಿದ್ದ ಹಬ್ಬದ ಕೆಲಸಗಳು. ಯಾರೂ ಇಂಗ್ಲೆಂಡಿನಿಂದ ತಂದು ಕಲಿಸಿದ್ದಲ್ಲ. ಹೊರಗಿನಿಂದ ಬಂದದ್ದು ಬಿದಿರು ಕಡ್ಡಿಗೆ ಬಣ್ಣದ ಕಾಗದ ಅಂಟಿಸಿದ ನಕ್ಷತ್ರ, ಗೋದಲಿ ಮತ್ತು ಮನೆಮನೆಗೆ ಹಾಡುತ್ತ ಹೋಗುವ ಪದ್ಧತಿ. ಎರಡೂ ಸೇರಿ ಒಂದು ಹಬ್ಬವಾಯಿತು.

ಬರ ಬಂತು

ಪಾಸ್ನೆಟ್ ಮೇದಕ್‌ಗೆ ಬಂದ ವರ್ಷವೇ, ಅಂದರೆ 1896-97ರಲ್ಲಿ, ದೇಶದ ದೊಡ್ಡ ಭಾಗವನ್ನು ಬರ ಹಿಡಿಯಿತು. ಅದರ ಹಿಂದೆಯೇ 1899-1900ರ ಬರ ಬಂತು. ದಖ್ಖನಿನ ಹಳ್ಳಿಗಳು ಮೇಲೇಳುವ ಹೊತ್ತಿಗೆ ಮೊದಲ ಮಹಾಯುದ್ಧ ಶುರುವಾಯಿತು. ಕಾಳಿನ ಬೆಲೆ ಏರಿತು. 1918ರಲ್ಲಿ ಮಳೆ ಕೈಕೊಟ್ಟಿತು. ಅದೇ ವರ್ಷ ಇನ್‌ಫ್ಲುಯೆಂಜಾ ಜ್ವರ ಬಂದು ಭಾರತದಲ್ಲಿ ಒಂದು ಕೋಟಿಗೂ ಹೆಚ್ಚು ಜನ ಸತ್ತರು. ಕೇರಿಗಳಲ್ಲಿ ಹೂಳಲು ಕೈಗಳಿಲ್ಲದ ದಿನಗಳವು.

ಹಸಿದವರು ಮಿಷನ್ ಬಾಗಿಲಿಗೆ ಬಂದರು. ಸುಮ್ಮನೆ ಅನ್ನ ಹಂಚುವುದಕ್ಕಿಂತ ಕೆಲಸ ಕೊಟ್ಟು ಕೂಲಿ ಕೊಡುವುದು ಲೇಸು ಎಂದು ಪಾಸ್ನೆಟ್ ಯೋಚಿಸಿದರು. ಭಿಕ್ಷೆ ಉಂಡವನು ಬರ ಮುಗಿದ ಮೇಲೂ ತಲೆ ತಗ್ಗಿಸಿಯೇ ಇರುತ್ತಾನೆ, ದುಡಿದು ಉಂಡವನು ತಲೆ ಎತ್ತುತ್ತಾನೆ ಎಂಬುದು ಅದರ ಹಿಂದಿನ ವಿಚಾರ. ಇಂದಿನ ಉದ್ಯೋಗ ಖಾತ್ರಿ ಕೆಲಸದ ಹಾಗೆ ಎನ್ನಬಹುದು. ಆ ಕೆಲಸ ಯಾವುದು? ಒಂದು ದೊಡ್ಡ ಚರ್ಚ್.

1914ರಲ್ಲಿ ಶುರುವಾದ ಕಟ್ಟಡ ಮುಗಿಯಲು ಹತ್ತು ವರ್ಷ ಹಿಡಿಯಿತು. ಕಲ್ಲು ಹೊತ್ತವರು, ಸುಣ್ಣ ಅರೆದವರು, ಮಣ್ಣು ಅಗೆದವರು ಸುತ್ತಲ ಹಳ್ಳಿಗಳ ಜನ. ಗಂಡಸರು, ಹೆಂಗಸರು ಇಬ್ಬರೂ ದುಡಿದರು. ಮೇದಕ್ ಎಂಬ ಹೆಸರು ಮೆತುಕು ಎಂಬ ತೆಲುಗು ಮಾತಿನಿಂದ ಬಂದದ್ದು ಎಂದು ಜನ ಹೇಳುತ್ತಾರೆ. ಮೆತುಕು ಎಂದರೆ ಅನ್ನದ ಅಗುಳು. ಆ ಹೆಸರು ಚರ್ಚಿಗಿಂತ ಬಹಳ ಹಳೆಯದು. ಆದರೂ ಕಲ್ಲು ಹೊತ್ತು ಅನ್ನ ಕಂಡವರ ಮನೆಗಳಲ್ಲಿ ಈ ಎರಡೂ ಕಥೆ ಒಂದಕ್ಕೊಂದು ಹೆಣೆದುಕೊಂಡಿವೆ.

ಕಲ್ಲು, ಗಾಜು, ಗೋಪುರ

ಎದ್ದು ನಿಂತ ಕಟ್ಟಡ ಅಂಥಿಂಥದಲ್ಲ. ಉದ್ದ 200 ಅಡಿ, ಅಗಲ 100 ಅಡಿ. ಒಳಗೆ ಒಮ್ಮೆಗೆ ಸುಮಾರು 5000 ಜನ ಹಿಡಿಸುತ್ತಾರೆ. ಗೋಪುರದ ಎತ್ತರ ಸುಮಾರು 175 ಅಡಿ. ಗಾಥಿಕ್ ಶೈಲಿ. ಬೂದು ಬಣ್ಣದ ಕಲ್ಲಿನ ದಪ್ಪ ಕಂಬಗಳು. ನೆಲಕ್ಕೆ ಹಾಸಿದ ಬಣ್ಣದ ಹೆಂಚು ಬ್ರಿಟನ್ನಿನಿಂದ ಬಂದದ್ದು, ಅದನ್ನು ಕೂರಿಸಿದವರು ಇಟಲಿಯ ಕುಶಲಿಗರು.

ಚರ್ಚಿನ ಹೆಸರು ದೂರದವರೆಗೆ ಹರಡಿದ್ದು ಬಣ್ಣದ ಗಾಜಿನ ಮೂರು ಕಿಟಕಿಗಳಿಂದ. ವಿನ್ಯಾಸ ಇಂಗ್ಲೆಂಡಿನ ಕಲಾವಿದ ಫ್ರಾಂಕ್ ಸ್ಯಾಲಿಸ್ಬರಿ ಅವರದು. ಯೇಸುವಿನ ಹುಟ್ಟು ಒಂದರಲ್ಲಿ, ಶಿಲುಬೆಯ ಸಾವು ಇನ್ನೊಂದರಲ್ಲಿ, ಸ್ವರ್ಗಾರೋಹಣ ಮತ್ತೊಂದರಲ್ಲಿ. ಹೊರಗಿನ ಬಿಸಿಲು ಬಿದ್ದಾಗ ಮಾತ್ರ ಚಿತ್ರ ಕಾಣುತ್ತದೆ. ಹೊತ್ತು ಮುಳುಗಿದ ಮೇಲೆ ಒಳಗೆ ಎಷ್ಟು ದೀಪ ಹಚ್ಚಿದರೂ ಕಾಣದು. ನಸುಕಿನಲ್ಲಿ ಬಂದು ಕೂತ ಮಕ್ಕಳು, ಬೆಳಕು ಹರಿದಂತೆ ಕಪ್ಪು ಗಾಜಿನಲ್ಲಿ ಒಂದೊಂದೇ ಬಣ್ಣ ಮೂಡುವುದನ್ನು ನೋಡುತ್ತಾರೆ. ಅಕ್ಷರ ಬಾರದ ಅಜ್ಜಿಯೂ ಮೊಮ್ಮಗನಿಗೆ ಬೆರಳು ತೋರಿಸಿ ಇಡೀ ಕಥೆ ಹೇಳಬಲ್ಲಳು.

ಬಡವರ ಊರಿಗೆ ಇಷ್ಟು ದೊಡ್ಡ ಚರ್ಚ್ ಬೇಕಿತ್ತೇ ಎಂಬ ಪ್ರಶ್ನೆ ಸಹಜ. ಅದಕ್ಕೆ ಉತ್ತರ ಕಟ್ಟಿದವರ ಬದುಕಿನಲ್ಲೇ ಇದೆ. ಅವರು ಅಲ್ಲಿಯವರೆಗೆ ಕಟ್ಟಿದ ದೊಡ್ಡ ಮನೆಗಳೆಲ್ಲ ಬೇರೆಯವರವು. ಗಾರೆ ಒಣಗಿದ ಮೇಲೆ ಅವರಿಗೆ ಒಳಗೆ ಪ್ರವೇಶವಿರಲಿಲ್ಲ. ಈ ಒಂದು ಕಟ್ಟಡಕ್ಕೆ ಮಾತ್ರ ಕಲ್ಲು ಹೊತ್ತವರೇ ಮುಂಬಾಗಿಲಿನಿಂದ ಒಳಗೆ ಹೋದರು.

ಡಿಸೆಂಬರ್ 25 ಯಾಕೆ?

ಚರ್ಚ್ ಪ್ರತಿಷ್ಠೆಯಾದದ್ದು 1924ರ ಡಿಸೆಂಬರ್ 25ರಂದು. ಕಟ್ಟಡ ಮುಗಿದ ಯಾವುದೋ ಭಾನುವಾರ ಬಾಗಿಲು ತೆರೆಯಬಹುದಿತ್ತು. ಕ್ರಿಸ್‌ಮಸ್ ದಿನವನ್ನೇ ಆರಿಸಿದ್ದರಿಂದ ಒಂದು ದೊಡ್ಡ ಅನುಕೂಲವಾಯಿತು. ಚರ್ಚಿನ ಹುಟ್ಟುಹಬ್ಬ ಮತ್ತು ಯೇಸುವಿನ ಹುಟ್ಟುಹಬ್ಬ ಒಂದೇ ದಿನ ಬಂದವು. ಪ್ರತಿ ವರ್ಷ ಮೇದಕ್‌ಗೆ ಬರಲು ಜನಕ್ಕೆ ಬೇರೆ ಕರೆಯೋಲೆ ಬೇಕಾಗಲಿಲ್ಲ.

ಬೇಸಾಯದ ಲೆಕ್ಕಕ್ಕೂ ಆ ದಿನ ಹೊಂದುತ್ತದೆ. ಡಿಸೆಂಬರ್ ಕೊನೆಗೆ ಮುಂಗಾರು ಭತ್ತ ಕೊಯ್ದು ಆಗಿರುತ್ತದೆ. ಕೂಲಿಯವನ ಮನೆಗೂ ನಾಲ್ಕು ಸೇರು ಕಾಳು ಬಂದಿರುತ್ತದೆ. ತಾಂಡೂರು, ಬಶೀರಾಬಾದ್ ಕಡೆ ತೊಗರಿ ಇನ್ನೂ ಹೊಲದಲ್ಲಿ ಕಾಯುತ್ತಿರುತ್ತದೆ, ಜೋಳ ಎದ್ದು ನಿಂತಿರುತ್ತದೆ. ಒಂದೆರಡು ದಿನ ಕೈ ಬಿಡುವು ಸಿಗುವ ಕಾಲ. ಮಳೆಯಿಲ್ಲ, ದಾರಿ ಒಣಗಿದೆ, ಚಳಿ ಇದ್ದರೂ ಬಯಲಲ್ಲಿ ಮಲಗಬಹುದು. ಚಕ್ಕಡಿ ಕಟ್ಟಿಕೊಂಡು ಮಕ್ಕಳುಮರಿಯೊಂದಿಗೆ ಎರಡು ದಿನದ ದಾರಿ ಹೋಗಲು ಇದಕ್ಕಿಂತ ಒಳ್ಳೆಯ ಕಾಲವಿಲ್ಲ.

ಅನ್ನಕ್ಕಾಗಿ ಬಂದವರೇ?

ಬರಗಾಲದಲ್ಲಿ ಅನ್ನ ಕೊಟ್ಟು ಮತ ಬದಲಿಸಿದರು ಎಂಬ ಟೀಕೆ ಮಿಷನರಿಗಳ ಮೇಲೆ ಅಂದೂ ಇತ್ತು, ಇಂದೂ ಇದೆ. ಪಾಸ್ನೆಟ್ ಬದುಕನ್ನು ಹೇಳುವಾಗ ಇದನ್ನು ಮುಚ್ಚಿಡುವುದು ಸರಿಯಲ್ಲ. ಹಸಿವು ಅನೇಕರನ್ನು ಮಿಷನ್ ಬಾಗಿಲಿಗೆ ತಂದದ್ದು ನಿಜ. ಬಿಟ್ಟಿ ಚಾಕರಿ, ಮುಟ್ಟಬಾರದೆಂಬ ಅವಮಾನ ತಂದದ್ದೂ ನಿಜ. ಒಬ್ಬೊಬ್ಬರ ಮನಸ್ಸಿನಲ್ಲಿ ಏನಿತ್ತು ಎಂಬುದನ್ನು ನೂರು ವರ್ಷದ ಮೇಲೆ ತೂಗಿ ಹೇಳುವುದು ಯಾರಿಗೂ ಆಗದ ಮಾತು.

ಆದರೆ ಒಂದು ಸಂಗತಿ ಕಣ್ಣೆದುರಿಗಿದೆ. ಬರ ಒಂದೆರಡು ವರ್ಷ ಇತ್ತು. ಕಟ್ಟಡದ ಕೂಲಿ ಹತ್ತು ವರ್ಷ ನಡೆಯಿತು. ಆಮೇಲೆ ಮೇದಕ್‌ಗೆ ಹೋದರೆ ಯಾರೂ ಕೂಲಿ ಕೊಡುವುದಿಲ್ಲ. ಹೋಗುವವರೇ ತಮ್ಮ ಕೈಯಿಂದ ಖರ್ಚು ಮಾಡಬೇಕು. ಬಂಡಿ ಬಾಡಿಗೆ, ಹೊಸ ಬಟ್ಟೆ, ಬುತ್ತಿ, ಕಾಣಿಕೆ. ಆದರೂ ಮೊಮ್ಮಕ್ಕಳ ಕಾಲ, ಮರಿಮಕ್ಕಳ ಕಾಲ ಬಂದರೂ ಹೋಗುವುದು ನಿಂತಿಲ್ಲ. ಹೊಟ್ಟೆಪಾಡಿಗಾಗಿ ಶುರುವಾದದ್ದು ಇಷ್ಟು ಕಾಲ ಉಳಿಯುವುದಿಲ್ಲ. ಮನೆ ಅದನ್ನು ತನ್ನದೆಂದು ಮಾಡಿಕೊಂಡದ್ದರಿಂದಲೇ ಉಳಿಯಿತು.

ಬಿಟ್ಟುಹೋದದ್ದು, ಆಮೇಲೆ ಮುಗಿದದ್ದು

ಪಾಸ್ನೆಟ್ ನಲವತ್ತು ವರ್ಷಕ್ಕೂ ಹೆಚ್ಚು ಕಾಲ ಈ ಸೀಮೆಯಲ್ಲಿ ದುಡಿದರು. ನಿಜಾಮರಿಬ್ಬರ ಆಳ್ವಿಕೆ ಕಂಡರು. 1939ರ ಹೊತ್ತಿಗೆ ವಯಸ್ಸು ಎಪ್ಪತ್ತರ ಹತ್ತಿರ ಬಂದಿತ್ತು. ಕೆಲಸ ಬಿಟ್ಟು ಇಂಗ್ಲೆಂಡಿಗೆ ಮರಳಿದರು. 1950ರಲ್ಲಿ ತೀರಿಕೊಂಡರು.

ಚರ್ಚಿನ ಮೂರು ಕಿಟಕಿಗಳಲ್ಲಿ ಸ್ವರ್ಗಾರೋಹಣದ ಕಿಟಕಿ ಮಾತ್ರ ಅವರು ಮೇದಕ್‌ನಲ್ಲಿದ್ದಾಗ, 1927ರಲ್ಲಿ, ಬಂತು. ಕ್ರಿಸ್‌ಮಸ್ ಕಥೆ ಹೇಳುವ ಯೇಸುವಿನ ಹುಟ್ಟಿನ ಕಿಟಕಿ ಬಂದದ್ದು 1947ರಲ್ಲಿ, ಅವರು ಹೋಗಿ ಎಂಟು ವರ್ಷದ ಮೇಲೆ. ಶಿಲುಬೆಯ ಕಿಟಕಿ ಬಂದದ್ದು 1958ರಲ್ಲಿ, ಅವರು ಸತ್ತು ಎಂಟು ವರ್ಷದ ಮೇಲೆ. ಶುರುಮಾಡಿದವರು ಇಲ್ಲದಿದ್ದರೂ ಕೆಲಸ ನಿಲ್ಲಲಿಲ್ಲ.

1947ರ ಸೆಪ್ಟೆಂಬರ್ 27ರಂದು ದಕ್ಷಿಣ ಭಾರತ ಸಭೆ, ಅಂದರೆ ಸಿಎಸ್‌ಐ, ಹುಟ್ಟಿತು. ಬೇರೆ ಬೇರೆ ಪಂಥಗಳ ಚರ್ಚುಗಳು ಒಂದಾದವು. ಮೇದಕ್ ಒಂದು ಬಿಷಪ್ ಪ್ರಾಂತ್ಯವಾಯಿತು. ಫ್ರಾಂಕ್ ವಿಟೇಕರ್ ಮೊದಲ ಬಿಷಪ್ ಆದರು. ಬಿಷಪ್‌ರ ಪೀಠ ಇರುವ ಚರ್ಚಿಗೆ ಕೆಥೆಡ್ರಲ್ ಎನ್ನುತ್ತಾರೆ. ಪಾಸ್ನೆಟ್ ಕಟ್ಟಿದಾಗ ಅದು ಬರೀ ಚರ್ಚ್. ಕೆಥೆಡ್ರಲ್ ಎಂಬ ಹೆಸರು ಬಂದದ್ದು ಅವರು ಊರು ಬಿಟ್ಟ ಮೇಲೆ.

ಗಡಿ ಬದಲಾಯಿತು, ಹಬ್ಬ ಉಳಿಯಿತು

1948ರ ಸೆಪ್ಟೆಂಬರ್‌ನಲ್ಲಿ ಪೊಲೀಸ್ ಕಾರ್ಯಾಚರಣೆ ನಡೆದು ಹೈದರಾಬಾದ್ ಸಂಸ್ಥಾನ ಭಾರತಕ್ಕೆ ಸೇರಿತು. 1956ರ ನವೆಂಬರ್ 1ರಂದು ಭಾಷೆಯ ಲೆಕ್ಕದಲ್ಲಿ ಸಂಸ್ಥಾನ ಒಡೆಯಿತು. ಬೀದರ್ ಜಿಲ್ಲೆಯಲ್ಲಿದ್ದ ಜಹೀರಾಬಾದ್, ನಾರಾಯಣಖೇಡ ಮೇದಕ್ ಜಿಲ್ಲೆಗೆ ಹೋದವು. ಕಲಬುರಗಿ ಜಿಲ್ಲೆಯಲ್ಲಿದ್ದ ತಾಂಡೂರು, ಕೊಡಂಗಲ್ ಆಂಧ್ರಕ್ಕೆ ಸೇರಿದವು. 2014ರಲ್ಲಿ ತೆಲಂಗಾಣ ಬಂತು. 2016ರಲ್ಲಿ ಮತ್ತೆ ಜಿಲ್ಲೆಗಳು ಒಡೆದು ಜಹೀರಾಬಾದ್, ನಾರಾಯಣಖೇಡ ಸಂಗಾರೆಡ್ಡಿಗೆ, ಬಶೀರಾಬಾದ್, ತಾಂಡೂರು ವಿಕಾರಾಬಾದಿಗೆ ಸೇರಿದವು. ಒಂದೇ ಮನೆಯ ಅಜ್ಜ, ಅಪ್ಪ, ಮಗ ಮೂರು ಬೇರೆ ಜಿಲ್ಲೆಗಳಲ್ಲಿ ಹುಟ್ಟಿದಂತಾಯಿತು, ಮನೆ ಮಾತ್ರ ಅಲ್ಲೇ ಇದೆ.

ಚರ್ಚುಗಳ ಹಂಚಿಕೆ ಬೇರೆ ಲೆಕ್ಕದ್ದು. ಮೇದಕ್ ಕಡೆ ಇಂಗ್ಲೆಂಡಿನ ವೆಸ್ಲಿಯನ್ನರು ದುಡಿದರೆ, ವಿಕಾರಾಬಾದ್, ಬೀದರ್ ಕಡೆ ದುಡಿದವರು ಅಮೆರಿಕದ ಮೆಥಡಿಸ್ಟರು. ಇವರ ಸಭೆ ಸಿಎಸ್‌ಐ ಸೇರಲಿಲ್ಲ. 1981ರಲ್ಲಿ ಮೆಥಡಿಸ್ಟ್ ಚರ್ಚ್ ಇನ್ ಇಂಡಿಯಾ ಎಂದು ಸ್ವತಂತ್ರವಾಯಿತು. ಹೀಗಾಗಿ ಗಡಿ ಹಳ್ಳಿಗಳ ಎಷ್ಟೋ ಮನೆಗಳಿಗೆ ಮೇದಕ್ ತಮ್ಮ ಸಭೆಯ ಚರ್ಚ್ ಅಲ್ಲ. ಆದರೂ ಕ್ರಿಸ್‌ಮಸ್‌ಗೆ ಒಮ್ಮೆಯಾದರೂ ಮೇದಕ್ ನೋಡಬೇಕು ಎಂಬ ಆಸೆ ಸಭೆಯ ಗೆರೆ ನೋಡುವುದಿಲ್ಲ.

ಭಾಷೆಯೂ ಹಾಗೆಯೇ. ಚಿಂಚೋಳಿ, ಸೇಡಂ ಕಡೆಯಿಂದ ಬಂದ ಸೊಸೆ ಕನ್ನಡದ ಹಾಡು ತರುತ್ತಾಳೆ. ಅತ್ತೆ ತೆಲುಗಿನಲ್ಲಿ ಹಾಡುತ್ತಾಳೆ. ಧಾಟಿ ಒಂದೇ ಇದ್ದರೆ ಇಬ್ಬರೂ ಕೂಡಿಯೇ ಹಾಡುತ್ತಾರೆ. ಮಕ್ಕಳು ಎರಡನ್ನೂ ಕಲಿಯುತ್ತಾರೆ. ಶಾಲೆಯಲ್ಲಿ ಕನ್ನಡ ಕಲಿಯಲು ಅವಕಾಶ ಸಿಗದ ಗಡಿ ಮಕ್ಕಳಿಗೆ ತಾಯಿಯ ಭಾಷೆ ಕಿವಿಗೆ ಬೀಳುವುದು ಇಂಥ ಹಬ್ಬದ ದಿನಗಳಲ್ಲೇ.

ಗುಳೆ ಹೋದ ಮನೆಗಳ ಹಬ್ಬ

ಇಂದು ಈ ಪದ್ಧತಿಗೆ ಬಂದಿರುವ ಕಷ್ಟ ಬೇರೆ ತೆರನದು. ನಾರಾಯಣಖೇಡ ಸುತ್ತಲ ತಾಂಡಾ, ಹಳ್ಳಿಗಳಿಂದ ಪ್ರತಿ ವರ್ಷ ಸಾವಿರಾರು ಜನ ಕಬ್ಬು ಕಡಿಯಲು ಗುಳೆ ಹೋಗುತ್ತಾರೆ. ಕಬ್ಬಿನ ಹಂಗಾಮು ದೀಪಾವಳಿಯ ಹೊತ್ತಿಗೆ ಶುರುವಾಗಿ ಬೇಸಿಗೆಯವರೆಗೆ ನಡೆಯುತ್ತದೆ. ಕ್ರಿಸ್‌ಮಸ್ ಬರುವುದು ಸರಿಯಾಗಿ ಅದರ ನಡುವೆ. ಮುಂಗಡ ಹಣ ಪಡೆದು ಹೋದವರಿಗೆ ಗದ್ದೆ ಬಿಟ್ಟು ಬರಲು ಆಗುವುದಿಲ್ಲ. ಹೈದರಾಬಾದಿನ ಕಟ್ಟಡ ಕೆಲಸ, ಮುಂಬೈ ಪುಣೆಯ ಕೂಲಿ, ತಾಂಡೂರಿನ ಕಲ್ಲಿನ ಗಣಿ ಇವುಗಳಿಗೂ ಹಬ್ಬದ ಲೆಕ್ಕವಿಲ್ಲ. ಮನೆಯಲ್ಲಿ ಮುದುಕರು, ಮಕ್ಕಳು ಉಳಿಯುತ್ತಾರೆ.

ಇಂಥ ಮನೆಗಳಲ್ಲಿ ಹಬ್ಬ ನಿಂತರೆ ಬರೀ ಒಂದು ದಿನದ ಊಟ ನಿಂತಂತಲ್ಲ. ವರ್ಷಕ್ಕೊಮ್ಮೆ ಅಣ್ಣ ತಮ್ಮಂದಿರು ಒಂದೆಡೆ ಸೇರಿ, ಹೊಲದ ಜಗಳ, ಸಾಲದ ಲೆಕ್ಕ, ಅಕ್ಕ ತಂಗಿಯರ ಕಷ್ಟಸುಖ ಮಾತಾಡುವ ಸಂದರ್ಭವೇ ತಪ್ಪಿಹೋಗುತ್ತದೆ. ಅಜ್ಜಿಗೆ ಮೊಮ್ಮಕ್ಕಳ ಮುಖ ಮರೆಯುತ್ತದೆ. ಮೊಮ್ಮಕ್ಕಳಿಗೆ ತಮ್ಮ ಮುತ್ತಜ್ಜ ಯಾವ ಕಲ್ಲು ಹೊತ್ತ ಎಂಬ ಕಥೆ ತಲುಪುವುದಿಲ್ಲ. ಅದಕ್ಕೇ ಎಷ್ಟೋ ಮಂದಿ ಎರಡು ದಿನದ ಕೂಲಿ ಬಿಟ್ಟು, ರಾತ್ರಿ ರೈಲು ಬಸ್ಸು ಹಿಡಿದು ಬಂದೇ ಬರುತ್ತಾರೆ. ಬರಲಾಗದವರ ಪಾಲಿನ ಕರ್ಜಿಕಾಯಿ ಡಬ್ಬಿಯಲ್ಲಿ ಕಾದಿರುತ್ತದೆ.

ಇನ್ನೊಂದು ಅಪಾಯ ದುಂದುವೆಚ್ಚದ್ದು. ಸಾಲ ಮಾಡಿ ಬಟ್ಟೆ ತರುವುದು, ಪಕ್ಕದ ಮನೆಗಿಂತ ದೊಡ್ಡ ನಕ್ಷತ್ರ ಬೇಕೆನ್ನುವುದು, ಧ್ವನಿವರ್ಧಕದ ಗದ್ದಲ ಇವು ಎಲ್ಲ ಹಬ್ಬಗಳಿಗೂ ಅಂಟಿದ ರೋಗ. ಮೇದಕ್‌ನಲ್ಲೂ ಪ್ರಾರ್ಥನೆಗಿಂತ ಫೋಟೊ ತೆಗೆಸಿಕೊಳ್ಳುವ ಅವಸರವೇ ಹೆಚ್ಚಾಗಿ ಕಾಣುವುದುಂಟು. ಬರಗಾಲದಲ್ಲಿ ಹುಟ್ಟಿದ ಹಬ್ಬಕ್ಕೆ ಸಾಲದ ಆಡಂಬರ ಒಪ್ಪುವುದಿಲ್ಲ ಎಂದು ಹಿರಿಯರು ಹೇಳಿದರೆ ಅದು ಬರೀ ಬೈಗುಳವಲ್ಲ.

ನೂರು ವರ್ಷ ತುಂಬಿದ ಮೇಲೆ

2024ರ ಡಿಸೆಂಬರ್ 25ಕ್ಕೆ ಮೇದಕ್ ಚರ್ಚಿಗೆ ನೂರು ವರ್ಷ ತುಂಬಿತು. ತೆಲಂಗಾಣ ಮುಖ್ಯಮಂತ್ರಿ ರೇವಂತ್ ರೆಡ್ಡಿ ಹಬ್ಬದ ದಿನ ಬಂದು ಪ್ರಾರ್ಥನೆಯಲ್ಲಿ ಪಾಲ್ಗೊಂಡರು. ಗೋಪುರಕ್ಕೆ ದೀಪ ಹಾಕಿದರು, ಟಿ.ವಿ.ಯವರು ಬಂದರು. ಗಣ್ಯರು ಹೋದ ಮೇಲೆ ಬಯಲಿನಲ್ಲಿ ಉಳಿದವರು ಎಂದಿನ ಹಳ್ಳಿಯ ಮನೆಗಳವರೇ. ಮೂರು ಕಲ್ಲಿನ ಒಲೆ, ಹೊಗೆ, ಓಡಾಡುವ ಮಕ್ಕಳು, ಕಂಬಳಿ ಹೊದ್ದು ಕೂತ ಮುದುಕಿ.

ಪಾಸ್ನೆಟ್ ಬದುಕಿನಲ್ಲಿ ಕಲಿಯುವುದೇನಾದರೂ ಇದ್ದರೆ ಅದು ಕಟ್ಟಡದ ಎತ್ತರದ ವಿಷಯವಲ್ಲ. ಹಸಿದವನಿಗೆ ಕೂಲಿ ಕೊಡಬೇಕು, ಗಂಡನಿಗೆ ಕಲಿಸಿದ್ದನ್ನು ಹೆಂಡತಿಗೂ ಕಲಿಸಬೇಕು, ಇಡೀ ಮನೆ ಒಟ್ಟಿಗೆ ಬರಲು ಒಂದು ದಿನ ಗೊತ್ತುಮಾಡಬೇಕು ಎಂಬ ಮೂರು ಸಣ್ಣ ವಿಚಾರಗಳನ್ನು ಅವರು ನಲವತ್ತು ವರ್ಷ ಬಿಡದೆ ನಡೆಸಿದರು. ಮಿಕ್ಕದ್ದನ್ನು ಮನೆಗಳು ನಡೆಸಿಕೊಂಡು ಬಂದಿವೆ.

ಬಶೀರಾಬಾದ್ ಕಡೆಯ ಹಳ್ಳಿಯೊಂದರಲ್ಲಿ ಮೇದಕ್‌ಗೆ ಹೋಗಲಾಗದ ಮನೆಯೂ ಡಿಸೆಂಬರ್ 24ರ ರಾತ್ರಿ ಬಾಗಿಲಿಗೆ ಕಾಗದದ ನಕ್ಷತ್ರ ಕಟ್ಟುತ್ತದೆ. ಅದನ್ನು ಕಟ್ಟುವ ಹುಡುಗನಿಗೆ ಪಾಸ್ನೆಟ್ ಹೆಸರು ಗೊತ್ತಿರಲಿಕ್ಕಿಲ್ಲ. ಕಡ್ಡಿ ಹೇಗೆ ಬಗ್ಗಿಸಬೇಕು, ದಾರ ಎಲ್ಲಿ ಬಿಗಿಯಬೇಕು ಎಂಬುದನ್ನು ಅವನಿಗೆ ಅಜ್ಜ ಹೇಳಿಕೊಟ್ಟಿದ್ದಾನೆ. ಮುಂದಿನ ವರ್ಷ ಅವನು ತಮ್ಮನಿಗೆ ಹೇಳಿಕೊಡುತ್ತಾನೆ.